ಓಓ ಹಕ್ಕಿ ಏಕೆ ಹಾರಿಹೋಗಲಿಲ್ಲ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಹವಾಯಿಯ ಕವಾಯಿ ದ್ವೀಪದಲ್ಲಿದ್ದ ‘ಓಓ’ ಎಂಬ ಹಕ್ಕಿಯ ಕೊನೆಯ ಹಾಡು ಎಂದು ಹರಿದಾಡುತ್ತಿರುವ ಧ್ವನಿಮುದ್ರಿಕೆಯನ್ನು ಮಕ್ಕಳಿಗೆ ಕೇಳಿಸಿದೆ. ಸತ್ತುಹೋದ ಜೊತೆಗಾತಿಯನ್ನು ಕರೆಯುತ್ತಿದೆ ಎಂದು ಅದರ ಕೆಳಗೆ ಬರೆದಿತ್ತು. ಕೇಳಿ ಮುಗಿದ ಮೇಲೆ ಒಬ್ಬ ಹುಡುಗಿ, “ಅದಕ್ಕೆ ರೆಕ್ಕೆ ಇತ್ತಲ್ಲ ಮಿಸ್, ಬೇರೆ ಕಡೆ ಹಾರಿ ಹೋಗಬಾರದಿತ್ತಾ?” ಎಂದಳು. ನನಗೆ ಉತ್ತರ ಹೇಳಲಾಗಲಿಲ್ಲ. ರಾಜರ ಗರಿಯ ನಿಲುವಂಗಿಗಾಗಿ ಇವನ್ನೆಲ್ಲ ಕೊಂದರು ಎಂದೂ ಓದಿದ್ದೇನೆ, ಅದು ನಿಜವೇ? ನಮ್ಮ ಸೂರಕ್ಕಿಗಳಿಗೂ ಇವಕ್ಕೂ ನಂಟಿದೆಯೇ? ಆ ಕಾಡಿನಲ್ಲಿ ಒಂದೆರಡಾದರೂ ಉಳಿದಿರಬಹುದೇ?

ಉತ್ತರ: ಮೇಡಂ, ನಿಮ್ಮ ವಿದ್ಯಾರ್ಥಿನಿ ಸರಿಯಾದ ಜಾಗವನ್ನೇ ಮುಟ್ಟಿದ್ದಾಳೆ. ನಿಮ್ಮ ಉಳಿದ ಪ್ರಶ್ನೆಗಳ ಉತ್ತರವೂ ಅವಳ ಪ್ರಶ್ನೆಯೊಳಗೇ ಇರುವುದರಿಂದ ಅದನ್ನೇ ಹಿಡಿದು ಹೋಗುತ್ತೇನೆ. ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಓಓ ಹಕ್ಕಿಗೆ ಉಳಿದಿದ್ದ ದಾರಿ ಬೆಟ್ಟದ ಮೇಲಕ್ಕೆ ಮಾತ್ರ, ಮತ್ತು ಕವಾಯಿಯ ಬೆಟ್ಟ ಅದಕ್ಕೆ ಬೇಕಾದಷ್ಟು ಎತ್ತರವಿರಲಿಲ್ಲ.

ಮೊದಲು ಸಮುದ್ರದ ಮಾತು. ಹವಾಯಿ ದ್ವೀಪಗಳಿರುವುದು ಪೆಸಿಫಿಕ್ ಸಾಗರದ ನಟ್ಟನಡುವೆ. ತೀರ ಹತ್ತಿರದ ಖಂಡದ ಕರಾವಳಿಯೆಂದರೆ ಕ್ಯಾಲಿಫೋರ್ನಿಯಾ, ಅದೂ ಸುಮಾರು 3,800 ಕಿಲೋಮೀಟರ್ ದೂರ. ಕವಾಯಿ ಓಓ ಕೊಕ್ಕಿನಿಂದ ಬಾಲದವರೆಗೆ ಸುಮಾರು 20 ಸೆಂಟಿಮೀಟರ್ ಉದ್ದದ ಹಕ್ಕಿ, ಹೆಚ್ಚುಕಡಿಮೆ ನಮ್ಮ ಪಿಕಳಾರದಷ್ಟು. ಕಪ್ಪು ಮೈ, ತೊಡೆಯ ಮೇಲೆ ಹಳದಿ ಗರಿ. ಮಕರಂದ ಕುಡಿದು ಬದುಕುವ ಹಕ್ಕಿಗೆ ಸಿಗುವ ಶಕ್ತಿ ಸಕ್ಕರೆಯದು. ಬೇಗ ಬರುತ್ತದೆ, ಅಷ್ಟೇ ಬೇಗ ಕರಗುತ್ತದೆ. ಹೂವೊಂದೂ ಇಲ್ಲದ ನೀರಿನ ಮೇಲೆ ಹಗಲು ರಾತ್ರಿ ಹಾರುವುದು ಅದರಿಂದ ಆಗದ ಕೆಲಸ. ಹಾಗಾದರೆ ಇವುಗಳ ಪೂರ್ವಜರು ಅಲ್ಲಿಗೆ ಬಂದದ್ದು ಹೇಗೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಹಾಗೆ ದಾಟಿ ಬಂದು ಬೇರೂರುವುದು ಲಕ್ಷಾಂತರ ವರ್ಷಗಳಲ್ಲಿ ಒಮ್ಮೆ ನಡೆಯುವ ಸಂಗತಿ. ಬಂದು ಉಳಿದ ಬೆರಳೆಣಿಕೆಯ ಹಕ್ಕಿಗಳಿಂದಲೇ ಮುಂದಿನ ಸಂತತಿಯೆಲ್ಲ ಹುಟ್ಟಿತು.

ಸೂರಕ್ಕಿಯ ಪ್ರಶ್ನೆಗೆ ಇಲ್ಲೇ ಉತ್ತರಿಸಿಬಿಡುತ್ತೇನೆ. ಬಾಗಿದ ಕೊಕ್ಕು, ತುದಿಯಲ್ಲಿ ಕುಂಚದಂತೆ ಸೀಳಿದ ನಾಲಿಗೆ, ಹೂವಿನೊಳಗೆ ತಲೆ ತೂರಿಸುವ ಅಭ್ಯಾಸ, ಇವನ್ನು ಕಂಡು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಪಕ್ಷಿಶಾಸ್ತ್ರಜ್ಞರು ಓಓಗಳನ್ನು ಆಸ್ಟ್ರೇಲಿಯಾ ಕಡೆಯ ಜೇನುಗುಟುಕ ಹಕ್ಕಿಗಳ ಕುಟುಂಬಕ್ಕೆ ಸೇರಿಸಿದ್ದರು. 2008ರಲ್ಲಿ ರಾಬರ್ಟ್ ಫ್ಲೈಷರ್, ಹೆಲೆನ್ ಜೇಮ್ಸ್ ಮತ್ತು ಸ್ಟಾರ್ಸ್ ಓಲ್ಸನ್ ವಸ್ತುಸಂಗ್ರಹಾಲಯದ ಹಳೆಯ ಚರ್ಮಗಳಿಂದ ಡಿಎನ್‌ಎ ತೆಗೆದು ನೋಡಿದಾಗ ಆ ವಂಶಾವಳಿ ಪೂರ್ತಿ ತಲೆಕೆಳಗಾಯಿತು. ಓಓಗಳ ಹತ್ತಿರದ ಬಂಧುಗಳು ಅಮೆರಿಕ ಖಂಡದ ಕಡೆಯ, ಹಣ್ಣು ಮತ್ತು ಹುಳು ತಿನ್ನುವ ವ್ಯಾಕ್ಸ್‌ವಿಂಗ್ ಮುಂತಾದ ಹಕ್ಕಿಗಳು. ಅವುಗಳಿಂದ ಓಓಗಳ ಕವಲು ಒಡೆದದ್ದು ಸುಮಾರು 140ರಿಂದ 170 ಲಕ್ಷ ವರ್ಷಗಳ ಹಿಂದೆ. ಸೂರಕ್ಕಿ ಏಷ್ಯಾ-ಆಫ್ರಿಕಾದಲ್ಲಿ, ಜೇನುಗುಟುಕ ಆಸ್ಟ್ರೇಲಿಯಾದಲ್ಲಿ, ಓಓ ಹವಾಯಿಯಲ್ಲಿ, ಮೂರೂ ಬೇರೆ ಬೇರೆ ಕುಲಗಳಿಂದ ಹೊರಟು ಹೂವಿನ ಆಕಾರಕ್ಕೆ ತಕ್ಕಂತೆ ಒಂದೇ ಬಗೆಯ ಬಾಯಿ ಪಡೆದವು. ಸಮಾಭಿಮುಖ ವಿಕಾಸವನ್ನು ಪಾಠ ಮಾಡುವಾಗ ಶಾರ್ಕ್ ಮತ್ತು ಡಾಲ್ಫಿನ್ ಜೊತೆಗೆ ಇದನ್ನೂ ಹೇಳಿ.

ಈ ವರ್ಷಗಳಲ್ಲಿ ಇನ್ನೊಂದು ಅಚ್ಚರಿ ಅಡಗಿದೆ. ಕವಾಯಿ ದ್ವೀಪ ಸಮುದ್ರದಿಂದ ಎದ್ದದ್ದು ಸುಮಾರು 50 ಲಕ್ಷ ವರ್ಷಗಳ ಹಿಂದೆ. ಅಂದರೆ ಓಓಗಳ ವಂಶ ತಾನು ಕೊನೆಯುಸಿರೆಳೆದ ನೆಲಕ್ಕಿಂತಲೂ ಹಳೆಯದು. ಅದೇ ಜ್ವಾಲಾಮುಖಿ ಸರಪಳಿಯ ಹಿಂದಿನ ದ್ವೀಪಗಳು ಸವೆದು ಕುಗ್ಗುತ್ತಿದ್ದಂತೆ ಮುಂದೆ ಹೊಸ ದ್ವೀಪ ಹುಟ್ಟುತ್ತಿತ್ತು. ಪಕ್ಕದ ದ್ವೀಪಕ್ಕೆ ಹಾರುವಷ್ಟು ರೆಕ್ಕೆ ಇವಕ್ಕಿತ್ತು, ಸಮಯವೂ ಧಾರಾಳವಾಗಿತ್ತು. ಹಾಗೆ ನೋಡಿದರೆ ಈ ವಂಶಕ್ಕೆ ಹಾರಿ ಪಾರಾಗುವುದು ಗೊತ್ತಿತ್ತು. 18ನೇ ಶತಮಾನದ ಕೊನೆಯಿಂದ ಬಂದ ಆಪತ್ತು ಮಾತ್ರ ಎಲ್ಲ ದ್ವೀಪಗಳಿಗೂ ಸರಿಸುಮಾರು ಒಟ್ಟಿಗೇ ಬಂತು. ಪಕ್ಕಕ್ಕೆ ಹಾರಿದರೂ ಅಲ್ಲಿ ಅದೇ ಕಾದಿತ್ತು.

ಓಓಗಳಲ್ಲಿ ನಾಲ್ಕು ಜಾತಿ. ಓಆಹು ದ್ವೀಪದ್ದನ್ನು ಕೊನೆಯ ಬಾರಿಗೆ ಸಂಗ್ರಹಿಸಿದ್ದು 1837ರಲ್ಲಿ. ಮೊಲೊಕಾಯಿಯದು 1904ರ ಹೊತ್ತಿಗೆ ಕಾಣೆಯಾಯಿತು. ಹವಾಯಿ ಎಂಬ ಹೆಸರಿನದೇ ಆದ ದೊಡ್ಡ ದ್ವೀಪದ್ದನ್ನು ಮೌನಾ ಲೋವಾ ಪರ್ವತದ ಇಳಿಜಾರಿನಲ್ಲಿ ಕೊನೆಯದಾಗಿ ಕಂಡದ್ದು 1934ರ ಸುಮಾರಿಗೆ. ಕವಾಯಿಯದು 1980ರ ದಶಕದವರೆಗೆ ಉಳಿದಿತ್ತು. ಇವುಗಳ ಹತ್ತಿರದ ಬಂಧು ಕಿಯೋಎಯಾ ಎಂಬ ದೊಡ್ಡ, ಗೆರೆ ಮೈಯ ಹಕ್ಕಿ 1859ರ ಆಸುಪಾಸಿನಲ್ಲೇ ಹೋಯಿತು. ಇಂದು ಜಗತ್ತಿನಲ್ಲಿ ಅದರ ನಾಲ್ಕು ಚರ್ಮಗಳು ಮಾತ್ರ ಇವೆ. ಈ ಐದೂ ಸೇರಿ ಒಂದು ಪ್ರತ್ಯೇಕ ಕುಟುಂಬ. ನಾವು ಕಾಗೆಗಳ ಕುಟುಂಬ, ಗಿಳಿಗಳ ಕುಟುಂಬ ಎನ್ನುತ್ತೇವಲ್ಲ, ಅಂಥದೊಂದು ಇಡೀ ಕುಟುಂಬ, ಒಂದು ಹಕ್ಕಿಯೂ ಉಳಿಯದಂತೆ, ನಮ್ಮ ಅಜ್ಜ ಮುತ್ತಜ್ಜರ ಕಾಲದಿಂದ ನಮ್ಮ ಕಾಲದೊಳಗೆ ಅಳಿಯಿತು. ಆಧುನಿಕ ಯುಗದಲ್ಲಿ ಪಕ್ಷಿಗಳ ಬೇರೆ ಯಾವ ಕುಟುಂಬಕ್ಕೂ ಹೀಗಾಗಿಲ್ಲ.

ಇವಲ್ಲದೆ ಅಲ್ಲಿ ಮಕರಂದ ಹೀರುವ ಇನ್ನೊಂದು ದೊಡ್ಡ ಬಳಗವಿದೆ. ಇಂಗ್ಲಿಷಿನಲ್ಲಿ ಹನಿಕ್ರೀಪರ್ ಎನ್ನುತ್ತಾರೆ. ಇವು ಮೂಲತಃ ಕಾಳು ತಿನ್ನುವ ಫಿಂಚ್ ಬಳಗದವು. ಡಿಎನ್‌ಎ ತೋರಿಸುವ ಹತ್ತಿರದ ನೆಂಟರು ಯುರೋಪ್-ಏಷ್ಯಾದ ರೋಸ್‌ಫಿಂಚ್‌ಗಳು. ಆ ಗುಂಪಿನ ಒಂದು ಜಾತಿ ಚಳಿಗಾಲದಲ್ಲಿ ನಮ್ಮ ಪಶ್ಚಿಮ ಘಟ್ಟಕ್ಕೂ ಬರುತ್ತದೆ. ಅಂಥ ಒಂದು ಮೂಲದಿಂದ ಹವಾಯಿಯಲ್ಲಿ ಐವತ್ತಕ್ಕೂ ಹೆಚ್ಚು ಜಾತಿಗಳು ಕವಲೊಡೆದವು. ಇಂದು ಉಳಿದಿರುವುದು 17ರಷ್ಟು. ಕಪ್ಪು ಮೈಗೆ ಹಳದಿ ಅಂಚಿನ ಮಾಮೊ, ಮೊಲೊಕಾಯಿಯ ಕಪ್ಪು ಮಾಮೊ, ಲೇಸನ್ ದ್ವೀಪದ ಕೆಂಪು ಹಕ್ಕಿ, ಇವೆಲ್ಲ ಆ ಬಳಗದಲ್ಲಿ ಅಳಿದ ಮಕರಂದಪ್ರಿಯರು.

ಈಗ ಗರಿಯ ಮಾತು. ಹವಾಯಿಯ ಅರಸರ ಗರಿ ನಿಲುವಂಗಿಗಳ ವಿಷಯ ನಿಜ, ಮತ್ತು ಅವು ಮನುಷ್ಯರ ಕೈ ಮಾಡಿದ ಅತ್ಯಂತ ಸುಂದರ ವಸ್ತುಗಳಲ್ಲಿ ಸೇರಿವೆ. ದೀವಿಹಲಸಿನಂಥ ಮರದ ಅಂಟನ್ನು ಕೊಂಬೆಗೆ ಬಳಿದು ಹಕ್ಕಿ ಹಿಡಿಯುವವರು ಅಲ್ಲಿದ್ದರು. ಅರಸ ಕಲನಿಓಪುಉ 1779ರ ಜನವರಿಯಲ್ಲಿ ಕ್ಯಾಪ್ಟನ್ ಕುಕ್‌ಗೆ ಹೊದಿಸಿದ ನಿಲುವಂಗಿಗೆ ಸುಮಾರು 20,000 ಹಕ್ಕಿಗಳ ಗರಿ ಬಳಕೆಯಾಗಿದೆ ಎಂಬ ಅಂದಾಜಿದೆ. ಅದು ನ್ಯೂಜಿಲೆಂಡಿನ ವಸ್ತುಸಂಗ್ರಹಾಲಯದಲ್ಲಿದ್ದು 2016ರಲ್ಲಿ ಹವಾಯಿಗೆ ಮರಳಿತು. ಮೊದಲನೆಯ ಕಮೆಹಮೆಹ ಅರಸನ ಹಳದಿ ನಿಲುವಂಗಿ ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯದಲ್ಲಿದೆ. ಅದಕ್ಕೆ ಮಾಮೊ ಹಕ್ಕಿಗಳು ಹತ್ತಾರು ಸಾವಿರ ಬೇಕಾಗಿದ್ದವು. ತಲೆಮಾರುಗಳ ಕಾಲ ನಡೆದ ಈ ಹಿಡಿತದಿಂದ ಮಾಮೊ ಮತ್ತು ಓಓಗಳ ಸಂಖ್ಯೆಗೆ ಪೆಟ್ಟು ಬೀಳಲಿಲ್ಲ ಎಂದು ನಾನು ಹೇಳುವುದಿಲ್ಲ.

ಆದರೂ ಅಳಿವಿನ ಹೊಣೆಯನ್ನು ಗರಿಗೆ ಹೊರಿಸುವುದು ತಪ್ಪು ಎಂದೇ ನನ್ನ ಖಚಿತ ಅಭಿಪ್ರಾಯ. ಕಾರಣ ಹೇಳುತ್ತೇನೆ. ನಿಲುವಂಗಿಗಳಲ್ಲಿ ಅತಿ ಹೆಚ್ಚು ಕಾಣುವ ಕೆಂಪು, ಇಇವಿ ಎಂಬ ಹಕ್ಕಿಯದು. ಅಷ್ಟೊಂದು ಹಿಡಿದರೂ ಇಇವಿ ಇಂದಿಗೂ ಬದುಕಿದೆ. ಕಪ್ಪು ಮಾಮೊದ ಮೈಯಲ್ಲಿ ಅರಸರಿಗೆ ಬೇಕಾದ ಹಳದಿ ಗರಿ ಇರಲೇ ಇಲ್ಲ. ಆರ್.ಸಿ.ಎಲ್. ಪರ್ಕಿನ್ಸ್ ಎಂಬ ಪ್ರಕೃತಿಶಾಸ್ತ್ರಜ್ಞ ಅದನ್ನು ಮೊದಲು ಗುರುತಿಸಿದ್ದು 1893ರಲ್ಲಿ, ಕೊನೆಯ ಮಾದರಿ ಸಿಕ್ಕಿದ್ದು 1907ರಲ್ಲಿ. ವಿಜ್ಞಾನಕ್ಕೆ ಅದರ ಪರಿಚಯವಿದ್ದದ್ದು ಹದಿನಾಲ್ಕೇ ವರ್ಷ. ಗರಿಯಂಗಿಗಳ ಕಾಲ ಮುಗಿದ ಮೇಲೆಯೇ ಹೆಚ್ಚಿನ ಜಾತಿಗಳು ಅಳಿದವು. ನೂರಾರು ವರ್ಷ ಹಕ್ಕಿ ಹಿಡಿದ ಆ ಜನರ ಕೈಯಲ್ಲಿ ಹಕ್ಕಿ ಉಳಿದಿತ್ತು ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು, ಇಲ್ಲವಾದರೆ ನಾವು ಆ ಜನರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಕೊಂದದ್ದು ಮುಖ್ಯವಾಗಿ ಸೊಳ್ಳೆ. ಹವಾಯಿಯಲ್ಲಿ ಸೊಳ್ಳೆಯೇ ಇರಲಿಲ್ಲ. 1826ರಲ್ಲಿ ಮೆಕ್ಸಿಕೋ ಕಡೆಯಿಂದ ಬಂದ ವೆಲ್ಲಿಂಗ್ಟನ್ ಎಂಬ ಹಡಗಿನವರು ಮಾವಿ ದ್ವೀಪದ ಲಹೈನಾದಲ್ಲಿ ಕುಡಿಯುವ ನೀರಿನ ಪೀಪಾಯಿ ತೊಳೆದು ತಳದ ನೀರನ್ನು ತೊರೆಗೆ ಸುರಿದರು, ಅದರಲ್ಲಿ ಸೊಳ್ಳೆ ಮರಿಗಳಿದ್ದವು ಎಂಬುದು ದಾಖಲಾಗಿರುವ ವಿವರಣೆ. ಆ ಸೊಳ್ಳೆಯ ಹೆಸರು ಕ್ಯೂಲೆಕ್ಸ್ ಕ್ವಿಂಕ್ವಿಫ್ಯಾಸಿಯೇಟಸ್. ಇದನ್ನು ನೋಡಲು ಹವಾಯಿಗೆ ಹೋಗಬೇಕಿಲ್ಲ. ನಮ್ಮ ಊರುಗಳ ಚರಂಡಿಯಲ್ಲಿ ಹುಟ್ಟಿ ರಾತ್ರಿಯಿಡೀ ಕಿವಿಯ ಬಳಿ ಗುಂಯ್‌ಗುಡುವ, ಆನೆಕಾಲು ರೋಗ ಹರಡುವ ಸೊಳ್ಳೆ ಅದೇ.

ಸೊಳ್ಳೆಯೊಂದೇ ಬಂದಿದ್ದರೆ ತುರಿಕೆ ಅಷ್ಟೇ ಆಗುತ್ತಿತ್ತು. ಪಂಜರದಲ್ಲಿ ಸಾಕಲು, ಬೆಳೆಯ ಹುಳು ತಿನ್ನಿಸಲು ಎಂದು ಹೊರನಾಡಿನ ಹಕ್ಕಿಗಳನ್ನು ಒಂದರ ಮೇಲೊಂದು ತಂದರು. ನಮ್ಮ ಗೊರವಂಕವನ್ನೂ 1865ರಲ್ಲಿ ಭಾರತದಿಂದ ಒಯ್ದು ಬಿಟ್ಟರು. ಹೀಗೆ ಬಂದ ಹಕ್ಕಿಗಳ ರಕ್ತದಲ್ಲಿ ಹಕ್ಕಿ ಸಿಡುಬೂ ಹಕ್ಕಿ ಮಲೇರಿಯಾವೂ ದ್ವೀಪಕ್ಕೆ ಇಳಿದವು. ಖಂಡಗಳ ಹಕ್ಕಿಗಳು ಸಾವಿರಾರು ತಲೆಮಾರು ಈ ರೋಗದ ಜೊತೆ ಬದುಕಿದ್ದರಿಂದ ಬಂದರೂ ಸುಧಾರಿಸಿಕೊಳ್ಳುತ್ತವೆ. ಸೊಳ್ಳೆಯನ್ನೇ ಕಾಣದ ದ್ವೀಪದ ಹಕ್ಕಿಯ ದೇಹಕ್ಕೆ ಆ ರೋಗಾಣುವಿನ ಗುರುತೇ ಇರಲಿಲ್ಲ. ಇಇವಿ ಹಕ್ಕಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಸೋಂಕಿತ ಸೊಳ್ಳೆಯೊಂದು ಒಂದು ಸಲ ಕಚ್ಚಿದ ಹಕ್ಕಿಗಳಲ್ಲೇ ನೂರಕ್ಕೆ ತೊಂಬತ್ತರಷ್ಟು ಸತ್ತವು.

ಇಲ್ಲಿ ಭಾರತದ ಕಥೆಯೊಂದು ಸೇರಿಕೊಳ್ಳುತ್ತದೆ, ನಿಮ್ಮ ತರಗತಿಗೆ ಅದು ಬಹಳ ಉಪಯೋಗಕ್ಕೆ ಬರುತ್ತದೆ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂದು ಕಂಡುಹಿಡಿದ ರೊನಾಲ್ಡ್ ರಾಸ್ ಬಗ್ಗೆ ಪಠ್ಯದಲ್ಲಿ ಓದಿರುತ್ತೀರಿ. 1883ರಲ್ಲಿ ಬೆಂಗಳೂರಿನ ದಂಡಿನ ವೈದ್ಯರಾಗಿದ್ದಾಗ ತಮ್ಮ ಬಂಗಲೆಯ ಬಳಿ ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟುವುದನ್ನು ಗಮನಿಸಿದವರು ಅವರು. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣುವನ್ನು ಕಂಡರು. ಆದರೆ ಸೊಳ್ಳೆಯ ಹೊಟ್ಟೆಯಿಂದ ಜೊಲ್ಲಿನ ಗ್ರಂಥಿಗೆ, ಅಲ್ಲಿಂದ ಹೊಸ ಪ್ರಾಣಿಯ ರಕ್ತಕ್ಕೆ, ಹೀಗೆ ಪೂರ್ತಿ ಚಕ್ರವನ್ನು ಅವರು ಸಾಧಿಸಿ ತೋರಿಸಿದ್ದು ಮನುಷ್ಯರಲ್ಲಿ ಅಲ್ಲ, ಕಲ್ಕತ್ತೆಯಲ್ಲಿ ಗುಬ್ಬಚ್ಚಿಯಂಥ ಹಕ್ಕಿಗಳಲ್ಲಿ. ಆ ಪ್ರಯೋಗದ ಸೊಳ್ಳೆ ಇದೇ ಕ್ಯೂಲೆಕ್ಸ್. ರೋಗಾಣು ಇಂದು ನಾವು ಪ್ಲಾಸ್ಮೋಡಿಯಂ ರೆಲಿಕ್ಟಂ ಎನ್ನುವುದು, ಹವಾಯಿಯ ಹಕ್ಕಿಗಳನ್ನು ಕೊಂದದ್ದೂ ಅದೇ. ಅವರು ಈ ಕೆಲಸ ಮುಗಿಸಿದ್ದು 1898ರ ಜುಲೈನಲ್ಲಿ. ಹವಾಯಿ ದೊಡ್ಡ ದ್ವೀಪದ ಕಾಡಿನಲ್ಲಿ ಎಚ್.ಡಬ್ಲ್ಯು. ಹೆನ್ಷಾ ಎಂಬುವರು ಮಾಮೊ ಹಕ್ಕಿಯನ್ನು ಕಂಡ, ಖಚಿತವಾದ ಕೊನೆಯ ದಾಖಲೆಯೂ 1898ರ ಜುಲೈನದು. ರೋಗ ಹೇಗೆ ಹರಡುತ್ತದೆಂದು ಜಗತ್ತಿಗೆ ತಿಳಿದ ತಿಂಗಳಿನಲ್ಲೇ ಮಾಮೊ ಕಣ್ಮರೆಯಾಯಿತು. ಹವಾಯಿಯ ಹಕ್ಕಿಗಳಿಗೆ ಈ ತಿಳಿವಳಿಕೆಯನ್ನು ಅನ್ವಯಿಸಿ ನೋಡಲು ಇನ್ನೂ ಎಪ್ಪತ್ತು ವರ್ಷ ಹಿಡಿಯಿತು. ರಿಚರ್ಡ್ ವಾರ್ನರ್ ಅವರ ಅಧ್ಯಯನ ಪ್ರಕಟವಾದದ್ದು 1968ರಲ್ಲಿ. ಆ ಎಪ್ಪತ್ತು ವರ್ಷಗಳನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಇನ್ನು ಎತ್ತರದ ಲೆಕ್ಕ. ಸೊಳ್ಳೆಯ ದೇಹದೊಳಗೆ ಈ ರೋಗಾಣು ಬೆಳೆಯಲು ಶಾಖ ಬೇಕು. ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದರ ಬೆಳವಣಿಗೆ ನಿಂತುಹೋಗುತ್ತದೆ. ಸಾವಿರ ಮೀಟರ್ ಏರಿದರೆ ಗಾಳಿ ಆರು ಡಿಗ್ರಿಯಷ್ಟು ತಣ್ಣಗಾಗುವುದರಿಂದ ಹವಾಯಿಯಲ್ಲಿ ಸುಮಾರು 1,500 ಮೀಟರಿನ ಮೇಲಿನ ಕಾಡು ಹಕ್ಕಿಗಳಿಗೆ ಆಸರೆಯಾಯಿತು. ಹಕ್ಕಿಗಳು ಯೋಚಿಸಿ ಗುಳೆ ಎದ್ದು ಮೇಲೆ ಹೋದವು ಎಂದು ಮಕ್ಕಳು ಭಾವಿಸಬಾರದು. ತಗ್ಗಿನಲ್ಲಿದ್ದವು ಸತ್ತವು, ಎತ್ತರದಲ್ಲಿದ್ದವು ಉಳಿದವು, ನಕಾಶೆಯಲ್ಲಿ ನೋಡಿದಾಗ ಜಾತಿಯೇ ಬೆಟ್ಟ ಹತ್ತಿದಂತೆ ಕಾಣುತ್ತದೆ. ಮಾವಿಯಲ್ಲಿ ಮೂರು ಸಾವಿರ ಮೀಟರ್, ದೊಡ್ಡ ದ್ವೀಪದಲ್ಲಿ ನಾಲ್ಕು ಸಾವಿರ ಮೀಟರ್ ಮೀರಿದ ಶಿಖರಗಳಿವೆ. ಕವಾಯಿಯ ಅತಿ ಎತ್ತರದ ಜಾಗ ಕವೈಕಿನಿ, 1,598 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಮುನ್ನೂರು ಮೀಟರಿಗೂ ಹೆಚ್ಚು ಕಡಿಮೆ. ಓಓ ಕೊನೆಗೆ ನಿಂತದ್ದು ಅದಕ್ಕೂ ಕೆಳಗಿನ ಅಲಕಾಯಿ ಎಂಬ ಜೌಗು ಪ್ರಸ್ಥಭೂಮಿಯಲ್ಲಿ. ವರ್ಷವಿಡೀ ಮಳೆ, ಮಂಜು, ಪಾಚಿ ಹೊದ್ದ ಓಹಿಯಾ ಮರಗಳು. ಮನುಷ್ಯ ಕಾಲಿಡಲು ಹೆದರುವ ಆ ಜೌಗಿನಲ್ಲೂ ಬಿಸಿಯ ತಿಂಗಳುಗಳಲ್ಲಿ ಸೊಳ್ಳೆ ಏರಿ ಬರುತ್ತಿತ್ತು. ಕಾಡುಹಂದಿಗಳು ಮರಜರಿಗಿಡಗಳ ಕಾಂಡ ಕೆರೆದು ತಿಂದ ತೊಟ್ಟಿಗಳಲ್ಲಿ ಮಳೆನೀರು ನಿಂತು ಅದಕ್ಕೆ ತೊಟ್ಟಿಲೂ ಸಿಕ್ಕಿತು.

ಮಕರಂದ ಹೀರುವ ಹಕ್ಕಿಗಳಿಗೇ ಏಕೆ ಹೆಚ್ಚು ಪೆಟ್ಟು ಎಂಬುದಕ್ಕೂ ಉತ್ತರ ಇಲ್ಲೇ ಇದೆ. ತೊಗಟೆಯ ಹುಳು ಹೆಕ್ಕುವ ಹಕ್ಕಿ ತನ್ನ ನಾಲ್ಕು ಮರಗಳ ಸುತ್ತ ಜೀವನ ಕಳೆಯಬಲ್ಲದು. ಮಕರಂದದ ಹಕ್ಕಿ ಹೂವನ್ನು ಹಿಂಬಾಲಿಸಬೇಕು. ಓಹಿಯಾ ಒಂದೊಂದು ಎತ್ತರದಲ್ಲಿ ಒಂದೊಂದು ಕಾಲಕ್ಕೆ ಅರಳುತ್ತದೆ. ಇಇವಿ, ಅಪಪನೆಯಂಥ ಹಕ್ಕಿಗಳು ಮೇಲಿನ ಸುರಕ್ಷಿತ ಕಾಡಿನಲ್ಲಿ ಮರಿ ಮಾಡಿ, ಹೂವಿಗಾಗಿ ಕೆಳಗಿನ ಕಾಡಿಗೆ ಇಳಿಯುತ್ತವೆ. ಇಳಿದಲ್ಲಿ ಸೊಳ್ಳೆಯ ಬಾಯಿಗೆ ಸಿಗುತ್ತವೆ. ಹಾರಿದ್ದರಿಂದ ಉಳಿಯಬಹುದಿತ್ತಲ್ಲ ಎಂದು ಕೇಳಿದ ಹುಡುಗಿಗೆ ಇದನ್ನು ಹೇಳಿ: ಎಷ್ಟೋ ಹಕ್ಕಿಗಳು ಹಾರಿದ್ದರಿಂದಲೇ ಸತ್ತವು.

ಸೊಳ್ಳೆಯ ಜೊತೆಗೆ ಬೇರೆ ಕೈಗಳೂ ಸೇರಿದ್ದವು. ಪಾಲಿನೇಷ್ಯಾದ ಮೊದಲ ವಲಸಿಗರ ಜೊತೆ ಬಂದ ಸಣ್ಣ ಇಲಿ, 19ನೇ ಶತಮಾನದಲ್ಲಿ ಹಡಗುಗಳಿಂದ ಇಳಿದ, ಮರ ಹತ್ತುವುದರಲ್ಲಿ ನಿಸ್ಸೀಮವಾದ ಕಪ್ಪು ಇಲಿ, ಬೆಕ್ಕು, 1793ರಿಂದ ಬ್ರಿಟಿಷ್ ನಾವಿಕ ವ್ಯಾಂಕೂವರ್ ತಂದುಬಿಟ್ಟ ದನಗಳು ಮೇಯ್ದು ಬೋಳಾದ ಕಾಡಿನ ತಳ, ಗಂಧದ ಮರದ ವ್ಯಾಪಾರ, ಕಬ್ಬಿನ ತೋಟ. ಕಬ್ಬಿನ ಇಲಿ ಹಿಡಿಯಲೆಂದು 1883ರಲ್ಲಿ ಮುಂಗುಸಿಯನ್ನೂ ತಂದರು. ಅದರ ಮೂಲ ಕಲ್ಕತ್ತೆ, ಬಂದದ್ದು ಜಮೈಕಾ ಮೂಲಕ. ಓಆಹುವಿನ ಓಓ ಅಷ್ಟು ಬೇಗ ಹೋದದ್ದರಲ್ಲಿ ತಗ್ಗಿನ ಕಾಡು ನಾಶವಾದದ್ದರ ಪಾಲು ದೊಡ್ಡದು. ಕವಾಯಿ ಓಓ ಗೂಡು ಕಟ್ಟುತ್ತಿದ್ದುದು ಹಳೆಯ ಓಹಿಯಾ ಮರಗಳ ಪೊಟರೆಯಲ್ಲಿ. 1971ರಲ್ಲಿ ಜಾನ್ ಸಿನ್ಕಾಕ್ ಎಂಬ ಜೀವಶಾಸ್ತ್ರಜ್ಞ ಅಲಕಾಯಿಯಲ್ಲಿ ಆ ಗೂಡನ್ನು ಪತ್ತೆಮಾಡುವವರೆಗೆ ಅದು ಯಾರಿಗೂ ತಿಳಿದಿರಲಿಲ್ಲ. ಪೊಟರೆಯೆಂದರೆ ಒಂದೇ ಬಾಗಿಲು. ಇಲಿ ಒಳಹೊಕ್ಕರೆ ಮೊಟ್ಟೆ, ಮರಿ, ಕಾವು ಕೂತ ತಾಯಿ ಯಾವುದೂ ತಪ್ಪಿಸಿಕೊಳ್ಳುವಂತಿಲ್ಲ. ಅಂಥ ಪೊಟರೆಯಾಗುವಷ್ಟು ದಪ್ಪದ ಹಳೆಯ ಮರಗಳೂ ಆ ಎತ್ತರದಲ್ಲಿ ವಿರಳ.

ಸಿನ್ಕಾಕ್ ಕೆಲಸ ಮಾಡುತ್ತಿದ್ದ ಕಾಲಕ್ಕೆ ಉಳಿದಿದ್ದವು ಕೆಲವೇ ಡಜನ್. 1981ರ ಹೊತ್ತಿಗೆ ಒಂದೇ ಜೋಡಿ. 1982ರ ನವೆಂಬರಿನಲ್ಲಿ ಇವಾ ಎಂಬ ಚಂಡಮಾರುತ ಕವಾಯಿಗೆ ಅಪ್ಪಳಿಸಿತು, ಆಮೇಲೆ ಹೆಣ್ಣು ಕಾಣಲಿಲ್ಲ. ಒಂಟಿ ಗಂಡನ್ನು ಕೊನೆಯ ಬಾರಿ ಕಂಡದ್ದು 1985ರಲ್ಲಿ, ಅದರ ದನಿ ಕೊನೆಯದಾಗಿ ಕೇಳಿಸಿದ್ದು 1987ರಲ್ಲಿ.

ನೀವು ಕೇಳಿದ ಧ್ವನಿಮುದ್ರಿಕೆಯ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮೆಕಾಲೆ ಸಂಗ್ರಹದಲ್ಲಿ ಕವಾಯಿ ಓಓದ ದನಿ ಭದ್ರವಾಗಿದೆ. ಕೊಳಲಿನಂಥ, ಟೊಳ್ಳಾದ ಆ ಸ್ವರ ನಿಜವಾದದ್ದೇ. ಆದರೆ ಸಂಗ್ರಹಗಳಲ್ಲಿ ಇರುವವುಗಳಲ್ಲಿ 1970ರ ದಶಕದವೂ ಇವೆ, ಆಗ ಈ ಹಕ್ಕಿ ಒಂಟಿಯಾಗಿರಲಿಲ್ಲ. ಹಂಚಿಕೆಯಾಗುವ ಪ್ರತಿ ತುಣುಕೂ ಕೊನೆಯ ಹಕ್ಕಿಯದೆಂದು ನಂಬಬೇಡಿ. ಈ ಜಾತಿಯಲ್ಲಿ ಗಂಡು ಹೆಣ್ಣು ಎರಡೂ ಹಾಡುತ್ತಿದ್ದವು. ಹಾಡುವ ಹಕ್ಕಿ ಸಂಗಾತಿಯನ್ನು ಕರೆಯುತ್ತಿರಬಹುದು, ತನ್ನ ಜಾಗದ ಎಲ್ಲೆಯನ್ನು ಸಾರುತ್ತಿರಬಹುದು, ಎರಡೂ ಒಟ್ಟಿಗೆ ಇರಬಹುದು. ಸತ್ತ ಜೊತೆಗಾತಿಗಾಗಿ ಅಳುತ್ತಿದೆ ಎಂಬುದು ನಾವು ಸೇರಿಸಿದ ಮಾತು. 1982ರ ನಂತರ ಆ ಗಂಡು ಹಾಡಿದ್ದು ಮತ್ತು ಮರುದನಿ ಕೊಡಲು ಅಲ್ಲಿ ತನ್ನ ಜಾತಿಯದು ಯಾವುದೂ ಇಲ್ಲದಿದ್ದದ್ದು ಮಾತ್ರ ಸತ್ಯ. ಅದಿಷ್ಟನ್ನೇ ಹೇಳಿದರೂ ಮಕ್ಕಳಿಗೆ ಅರ್ಥವಾಗುತ್ತದೆ.

ಎಲ್ಲ ಅಳಿವಿಗೂ ಸೊಳ್ಳೆಯೇ ಕಾರಣವಲ್ಲ ಎನ್ನಲು ಲೇಸನ್ ದ್ವೀಪದ ಉದಾಹರಣೆ ಕೊಡಿ. ಹವಾಯಿ ಸರಪಳಿಯ ವಾಯವ್ಯದಲ್ಲಿರುವ, ನಾಲ್ಕು ಚದರ ಕಿಲೋಮೀಟರಿನಷ್ಟು ಸಣ್ಣ ಮರಳ ದ್ವೀಪ ಅದು. 1903ರ ಹೊತ್ತಿಗೆ ಮಾಂಸದ ವ್ಯಾಪಾರದ ಯೋಚನೆಯಿಂದ ಅಲ್ಲಿ ಮೊಲಗಳನ್ನು ಬಿಟ್ಟರು. ಇಪ್ಪತ್ತು ವರ್ಷದಲ್ಲಿ ಮೊಲಗಳು ದ್ವೀಪದ ಹಸಿರನ್ನೆಲ್ಲ ತಿಂದು ಮುಗಿಸಿದವು. 1923ರ ಏಪ್ರಿಲಿನಲ್ಲಿ ಟ್ಯಾನೇಜರ್ ಎಂಬ ಹಡಗಿನಲ್ಲಿ ವಿಜ್ಞಾನಿಗಳ ತಂಡ ಬಂದಾಗ ಅಲ್ಲಿನ ಕೆಂಪು ಹನಿಕ್ರೀಪರ್ ಉಳಿದಿದ್ದದ್ದು ಮೂರು. ಡೊನಾಲ್ಡ್ ಡಿಕಿ ಎಂಬುವರು ಒಂದರ ಚಲನಚಿತ್ರ ತೆಗೆದರು. ತಂಡ ಅಲ್ಲಿರುವಾಗಲೇ ಮರಳ ಬಿರುಗಾಳಿ ಎದ್ದಿತು. ತಡೆಯಲು ಗಿಡವೇ ಇಲ್ಲದ ನೆಲದಲ್ಲಿ ಆ ಮೂರೂ ಹಕ್ಕಿಗಳು ಸತ್ತವು. ಹವಾಯಿಯ ಆಚೆಗೂ ಇಂಥದೇ: ನ್ಯೂಜಿಲೆಂಡಿನ ಪೂರ್ವಕ್ಕಿರುವ ಚಾಟಮ್ ದ್ವೀಪಗಳಲ್ಲಿದ್ದ ಮಕರಂದಪ್ರಿಯ ಬೆಲ್‌ಬರ್ಡ್ 1906ರಲ್ಲಿ ಕೊನೆಯದಾಗಿ ಕಂಡುಬಂತು.

ಹಕ್ಕಿ ಹೋದ ಮೇಲೆ ಹೂವಿನ ಗತಿ? ಕುದುರೆಮುಖದ ಕಡೆ ಹುಲ್ಲುಗಾವಲಲ್ಲಿ ಆಳೆತ್ತರ ನಿಲ್ಲುವ ಕಾಡುಹೊಗೆಸೊಪ್ಪು ನೋಡಿದ್ದೀರಾ? ಅದರ ಲೊಬೀಲಿಯ ಬಳಗದಲ್ಲಿ ಹವಾಯಿಯೊಂದರಲ್ಲೇ 120ಕ್ಕೂ ಹೆಚ್ಚು ಜಾತಿಗಳಿವೆ, ಬಹುಪಾಲು ಉದ್ದ ಬಾಗಿದ ಕೊಳವೆ ಹೂಗಳವು. ಕಪ್ಪು ಮಾಮೊ ಆ ಹೂವಿನಿಂದ ತಲೆ ಹೊರಗೆಳೆದಾಗ ಅದರ ನೆತ್ತಿಗೆ ಪರಾಗ ಮೆತ್ತಿರುತ್ತಿತ್ತು ಎಂದು ಪರ್ಕಿನ್ಸ್ ಬರೆದಿಟ್ಟಿದ್ದಾರೆ. ಆ ಕೊಕ್ಕು ಹೋದ ಮೇಲೆ ಹಲವು ಜಾತಿಗಳಿಗೆ ಬೀಜ ಕಟ್ಟಲು ನೆರವಾಗುವವರಿಲ್ಲ. ದಾಸವಾಳದ ಬಂಧುವಾದ, ಪೂರ್ತಿ ಅರಳದೆ ಸುರುಳಿಯಾಗಿಯೇ ಇರುವ ಹೂವಿನ ಮರಗಳೂ ಅಲ್ಲಿದ್ದವು. ಅವುಗಳಲ್ಲಿ ಹೆಚ್ಚಿನವು ಕಾಡಿನಿಂದ ಮಾಯವಾಗಿವೆ. ಸ್ವಲ್ಪ ಸಮಾಧಾನದ ಸಂಗತಿಯೂ ಉಂಟು. ಕೇದಗೆಯ ಕುಟುಂಬದ ಇಎಇಎ ಎಂಬ ಬಳ್ಳಿಯ ಪರಾಗ, ವಸ್ತುಸಂಗ್ರಹಾಲಯದಲ್ಲಿರುವ ಹಳೆಯ ಸ್ಥಳೀಯ ಹಕ್ಕಿಗಳ ಗರಿಗಳಲ್ಲಿ ಪತ್ತೆಯಾಯಿತು. ಈಗ ಆ ಕೆಲಸವನ್ನು ಜಪಾನಿನಿಂದ 1929ರಲ್ಲಿ ತಂದ ಬೆಳ್ಗಣ್ಣ ಮಾಡುತ್ತಿದೆ. ಗಿಡ್ಡ ಕೊಕ್ಕಿನ ಆ ಪುಟ್ಟ ಹಕ್ಕಿಗೆ ತೆರೆದ ಹೂ ಎಟುಕುತ್ತದೆ, ಉದ್ದದ ಕೊಳವೆ ಎಟುಕುವುದಿಲ್ಲ.

ಓಓ ಇನ್ನೂ ಎಲ್ಲಾದರೂ ಇರಬಹುದೇ ಎಂದು ಕೇಳಿದ್ದೀರಿ. ಇಲ್ಲ. 1992ರ ಸೆಪ್ಟೆಂಬರಿನಲ್ಲಿ ಇನಿಕಿ ಎಂಬ ಇನ್ನೂ ದೊಡ್ಡ ಚಂಡಮಾರುತ ಕವಾಯಿಯನ್ನು ನಜ್ಜುಗುಜ್ಜು ಮಾಡಿತು. ಆಮೇಲಿನ ಹುಡುಕಾಟಗಳಲ್ಲಿ ಏನೂ ಸಿಗಲಿಲ್ಲ. 2000ದಲ್ಲಿ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದನ್ನು ಅಳಿದ ಜಾತಿ ಎಂದು ಗುರುತಿಸಿದರು. 2023ರ ಅಕ್ಟೋಬರಿನಲ್ಲಿ ಅಮೆರಿಕ ಸರ್ಕಾರವೂ ರಕ್ಷಣೆಯ ಪಟ್ಟಿಯಿಂದ ಇದನ್ನು ತೆಗೆಯಿತು. ಹಾಗೆ ತೆಗೆದ 21 ಜಾತಿಗಳಲ್ಲಿ ಎಂಟು ಹವಾಯಿಯ ಕಾಡುಹಕ್ಕಿಗಳು. ಹಳೆಯ ಚರ್ಮದ ಡಿಎನ್‌ಎಯಿಂದ ಮತ್ತೆ ಸೃಷ್ಟಿಸಬಾರದೇ ಎಂಬ ಪ್ರಶ್ನೆ ಮಕ್ಕಳಿಂದ ಬರಬಹುದು. ಅಲಕಾಯಿಯಲ್ಲಿ ಇಂದು ಸೊಳ್ಳೆ ಹಿಂದೆಂದಿಗಿಂತ ಹೆಚ್ಚು. ಅಲ್ಲೇ ಉಳಿದಿದ್ದ ಅಕಿಕಿಕಿ ಎಂಬ ಹುಳು ತಿನ್ನುವ ಹನಿಕ್ರೀಪರ್ 2023ರಲ್ಲಿ ಕಾಡಿನಲ್ಲಿ ಐದರಷ್ಟಕ್ಕೆ ಇಳಿದಿತ್ತು. ಹವೆ ಬಿಸಿಯಾದಂತೆ 13 ಡಿಗ್ರಿಯ ಗೆರೆ ಶಿಖರವನ್ನು ದಾಟಿ ಮೇಲೆ ಹೋಗುತ್ತಿದೆ. ಇರುವ ಹಕ್ಕಿಗಳಿಗೇ ಜಾಗವಿಲ್ಲದ ಕಾಡಿನಲ್ಲಿ ಹೊಸದಾಗಿ ಹುಟ್ಟಿಸಿದ ಓಓವನ್ನು ಬಿಡುವುದೆಲ್ಲಿ?

ಹಾಗಾಗಿ ಈಗ ನಡೆಯುತ್ತಿರುವ ಕೆಲಸವೆಲ್ಲ ಸೊಳ್ಳೆಯ ಮೇಲೆ. ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಹಲವು ಕೀಟಗಳ ಜೀವಕೋಶದಲ್ಲಿ ಸಹಜವಾಗಿಯೇ ಇರುತ್ತದೆ. ಬೇರೆ ತಳಿಯ ವೋಲ್ಬಾಕಿಯಾ ಇರುವ ಗಂಡು ಸೊಳ್ಳೆಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಕಾಡಿಗೆ ಬಿಟ್ಟರೆ, ಅವು ಕೂಡಿದ ಕಾಡಿನ ಹೆಣ್ಣುಗಳ ಮೊಟ್ಟೆ ಒಡೆಯುವುದಿಲ್ಲ. ಗಂಡು ಸೊಳ್ಳೆ ಕಚ್ಚುವುದಿಲ್ಲ, ರೋಗ ಹರಡುವುದಿಲ್ಲ. ಈ ಉಪಾಯ ಇದೇ ಕ್ಯೂಲೆಕ್ಸ್ ಮೇಲೆ ಕೆಲಸ ಮಾಡುತ್ತದೆಂದು ಹಾನೆಸ್ ಲಾವೆನ್ ಎಂಬ ವಿಜ್ಞಾನಿ 1967ರಲ್ಲೇ ಬರ್ಮಾದ ಓಕ್ಪೊ ಎಂಬ ಹಳ್ಳಿಯಲ್ಲಿ ತೋರಿಸಿದ್ದರು, ಆನೆಕಾಲು ರೋಗ ತಡೆಯುವ ಆಸೆಯಿಂದ. 2023ರ ನವೆಂಬರಿನಿಂದ ಮಾವಿಯ ಪೂರ್ವದ ಕಾಡುಗಳ ಮೇಲೆ ಅಂಥ ಗಂಡು ಸೊಳ್ಳೆಗಳನ್ನು ಆಕಾಶದಿಂದ ಇಳಿಬಿಡುತ್ತಿದ್ದಾರೆ. ಅಲ್ಲಿ ಉಳಿಯಬೇಕಾದದ್ದು ಅಕೋಹೆಕೋಹೆ ಎಂಬ ಜುಟ್ಟಿನ ಮಕರಂದಪ್ರಿಯ. ಜಗತ್ತಿನಲ್ಲಿ ಎರಡು ಸಾವಿರದೊಳಗೆ ಇರುವ, ಆ ಒಂದು ಬೆಟ್ಟದಲ್ಲಿ ಮಾತ್ರ ಸಿಗುವ ಹಕ್ಕಿ. ದೊಡ್ಡ ದ್ವೀಪದ ತಗ್ಗಿನಲ್ಲಿ ಅಮಕಿಹಿ ಎಂಬ ಹಳದಿ ಹನಿಕ್ರೀಪರ್ ಮಲೇರಿಯಾ ತಾಳಿಕೊಂಡು ಬದುಕುವುದನ್ನು ತಾನಾಗಿಯೇ ಕಲಿತಿದೆ. ಉಳಿದವಕ್ಕೆ ಕಾಲಾವಕಾಶ ಸಿಕ್ಕರೆ ಅವೂ ಕಲಿಯಬಹುದು ಎಂಬ ನಿರೀಕ್ಷೆಗೆ ಅದೇ ಆಧಾರ.

ಮುಂದಿನ ಸಲ ತರಗತಿಯಲ್ಲಿ ಓಓದ ದನಿಯ ಜೊತೆಗೆ ಇಇವಿಯ ದನಿಯನ್ನೂ ಕೇಳಿಸಿ. ಅದು ಇಂದೂ ಹಾಡುತ್ತಿರುವ ಹಕ್ಕಿ, ಕೀರಲು ಬಾಗಿಲಿನಂಥ ವಿಚಿತ್ರ ಸ್ವರ ಮಕ್ಕಳಿಗೆ ಬಹಳ ಹಿಡಿಸುತ್ತದೆ. ಶಾಲೆಯ ಹತ್ತಿರದ ಚರಂಡಿಯಿಂದ ಒಂದು ಗಾಜಿನ ಲೋಟದಲ್ಲಿ ಸೊಳ್ಳೆ ಮರಿಗಳಿರುವ ನೀರು ತಂದು ಬಟ್ಟೆ ಕಟ್ಟಿಡಿ. ಬಾಲದ ತುದಿಯ ಉಸಿರುಗೊಳವೆ ಮೇಲಾಗಿ, ತಲೆ ಕೆಳಗಾಗಿ, ಓರೆಯಾಗಿ ತೂಗುತ್ತಿದ್ದರೆ ಅದು ಕ್ಯೂಲೆಕ್ಸ್ ಎನ್ನಬಹುದು. ನೀರಿನ ಮೇಲ್ಮೈಗೆ ಅಡ್ಡಲಾಗಿ ಮಲಗಿದ್ದರೆ ಅನಾಫಿಲೀಸ್. ಈಡಿಸ್ ಕೂಡ ಓರೆಯಾಗಿಯೇ ತೂಗುತ್ತದೆ, ಆದರೆ ಅದರ ಉಸಿರುಗೊಳವೆ ಗಿಡ್ಡ, ಸಿಗುವುದೂ ಹೆಚ್ಚಾಗಿ ತೊಟ್ಟಿ ಡ್ರಮ್ಮುಗಳ ತಿಳಿನೀರಿನಲ್ಲಿ. ಪಾಠ ಮುಗಿದ ಮೇಲೆ ಆ ನೀರನ್ನು ಚರಂಡಿಗೆ ಮರಳಿ ಸುರಿಯದೆ ಬಿಸಿಲಿಗೆ ಕಾದ ಒಣ ನೆಲಕ್ಕೆ ಚೆಲ್ಲಿ.